ಉಪಕಾರ ಹೇಳಲು ಹೊರಟ ಮಾವ

ನಮ್ಮ ಮಾವ ಬಂಡೆಪ್ಪನವರು ನೀರು ಬೇಕೆಂದು ಬಾಯಿಬಿಟ್ಟು ಕೇಳಿದವರಲ್ಲ. ಖಾಲಿ ತಂಬಿಗೆಯನ್ನು ನೆಲಕ್ಕೆ ಕುಕ್ಕುತ್ತಿದ್ದರು. ಆ ಸದ್ದಿಗೆ ಮೊದಲು ಅತ್ತೆ ಓಡುತ್ತಿದ್ದರು, ನಾನು ಸೊಸೆಯಾಗಿ ಬಂದ ಮೇಲೆ ನಾನು ಓಡಿದೆ. ಉಮರ್ಗಾದಿಂದ ನಿಲಂಗಾ ಹಾದು ಉದಗೀರಿಗೆ ಹೋಗುವ ಬಸ್ಸನ್ನು ಆಯುಷ್ಯವಿಡೀ ಓಡಿಸಿದವರು. ದಾರಿಗೆ ಅಡ್ಡ ಬಂದ ದನ, ಕುರಿ, ಮನುಷ್ಯರೆಲ್ಲರಿಗೂ ಒಂದೇ ಹಾರ್ನು, ಒಂದೇ ಬೈಗುಳ.

ರಿಟಾಯರ್ ಆದ ಮೇಲೆ ಆ ಸಿಟ್ಟು ಇಡಿಯಾಗಿ ಮನೆಗೆ ಬಂತು. ಬೆಳಗ್ಗೆ ಗೇಟಿನ ಬಳಿ ನಿಂತು ಹೋಗುವ ಬಸ್ಸುಗಳನ್ನೆಲ್ಲ ನೋಡಿ, "ಇವಗ ಗೇರ್ ಹಾಕ್ಲಿಕ್ಕ ಯಾರು ಕಲಿಸ್ಯಾರೋ" ಎಂದು ಗೊಣಗುವುದು. ಬಳಿಕ ಅಡುಗೆಮನೆಗೆ ಬಂದು ಒಲೆಯ ಉರಿ ಹೆಚ್ಚಾಯಿತು, ಬದನೆಕಾಯಿ ಹುಳುಕಾಯಿತು ಎನ್ನುವುದು. ನಾನು, ಅತ್ತೆ ಕಣ್ಣಲ್ಲೇ ಮಾತಾಡಿಕೊಂಡು ದಿನ ನೂಕುತ್ತಿದ್ದೆವು.

ಹೀಗಿರುವಾಗ ಕಣ್ಣು ತೋರಿಸಲೆಂದು ಉದಗೀರಿಗೆ ಹೋಗಿ ಬಂದರು. ಮರುದಿನ ಬೆಳಗ್ಗೆ ಚಹದ ಕಪ್ಪು ಕೈಗೆ ಕೊಟ್ಟಾಗ ನನ್ನ ಮುಖ ನೋಡಿ, "ಉಪಕಾರ ಆತವಾ ಸುನಂದಾ. ಚಾ ಛಲೋ ಆಗ್ಯಾದ" ಅಂದರು.

ನಾನು ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದ ಚಹದ ರುಚಿ ನೋಡಿದೆ. ಸಕ್ಕರೆಯ ಬದಲು ಉಪ್ಪು ಹಾಕಿದೆನೇನೋ ಅಂತ. ನಮ್ಮ ಕಡೆ ಮನೆಯವರಿಗೆ ಯಾರೂ ಉಪಕಾರ ಹೇಳುವುದಿಲ್ಲ. ಅದು ಪರಸ್ಥಳದವರ ಮಾತು, ಇಲ್ಲವೆ ಚುನಾವಣೆಗೆ ನಿಂತವರ ಮಾತು.

ಮಧ್ಯಾಹ್ನ ಅತ್ತೆಗೂ ಅದೇ ಉಪಕಾರ ಸಿಕ್ಕಿತು. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ನನಗೆ ಪಿಸುಗುಟ್ಟಿದರು. "ಈ ಮನುಷ್ಯಾ ಏನೋ ಮಾಡ್ಕೊಂಡು ಬಂದಾನ. ನಂಗ ಪೂರಾ ಶಕ್ ಬಂದದ."

ನನ್ನ ಗಂಡನಿಗೆ ಬೇರೆಯೇ ಅನುಮಾನ. ಸಾಸ್ತೂರದ ಹೊಲ ಮಾರಲು ಯಾರಿಗೋ ಮಾತು ಕೊಟ್ಟಿರಬೇಕು, ಅದಕ್ಕೇ ಮೊದಲೇ ನಮ್ಮನ್ನು ಮೆತ್ತಗೆ ಮಾಡುತ್ತಿದ್ದಾರೆ ಅಂದ. ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮುಂದೆ ಇನ್ನೂ ಕೆಟ್ಟಿತು. ಆಯಿತವಾರ ಬಂತೆಂದರೆ ಇಸ್ತ್ರಿ ಮಾಡಿದ ಧೋತರ ಉಟ್ಟು ಉದಗೀರ ಬಸ್ಸು ಹತ್ತುವುದು, ಸಂಜೆಗೆ ಮುಖ ಸಪ್ಪಗೆ ಮಾಡಿಕೊಂಡು ಮರಳುವುದು. ಎಲ್ಲಿಗೆಂದರೆ, "ಮಂದಿ ಭೆಟ್ಟಿ ಆಗ್ಲಿಕ್ಕ." ಅತ್ತೆಯ ಊಟ ಅರ್ಧಕ್ಕಿಳಿಯಿತು. ಉದಗೀರಿನಲ್ಲಿ ಇನ್ನೊಂದು ಸಂಸಾರವಿದೆ ಎಂಬುದು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಒಂದು ಆಯಿತವಾರ ನನ್ನ ಕೈಗೆ ಬುತ್ತಿ ಕೊಟ್ಟು, "ನೀನೂ ಹೋಗವಾ. ಏನದ ಅಂಬೋದು ನಿನ್ನ ಕಣ್ಣಲೆ ನೋಡಿ ಬಾ" ಅಂದರು. ಮಾವ ಬೇಡ ಅನ್ನಲಿಲ್ಲ. ಅದೂ ನನಗೆ ಅನುಮಾನವೇ.

ಉದಗೀರ ತಲುಪಲಿಲ್ಲ ನಾವು. ಶಿರೂರ ಅನಂತಪಾಳದ ಹತ್ತಿರ, ಹಳ್ಳದ ಸೇತುವೆ ದಾಟಿದೊಡನೆ ಮಾವ ಬಸ್ಸು ನಿಲ್ಲಿಸಲು ಹೇಳಿ ಇಳಿದರು. ಹೊಲದ ಬದುವಿನಲ್ಲಿ ಕುರಿಹಟ್ಟಿ. ಅದರ ಮುಂದೆ ಕಂಬಳಿ ಹೊದ್ದು ಕುಳಿತ ಮುದುಕ ನಮ್ಮನ್ನು ಕಂಡು ಮುಖ ತಿರುಗಿಸಿದ.

"ಮತ್ತ ಬಂದೇನು? ಈಗ ಸಾಕ್ಷಿಗಿ ಸೊಸೀಗೂ ಕರ್ಕೊಂಡು ಬಂದೀ."

"ಸಾಕ್ಷಿ ಎಲ್ಲಿದಪಾ ಮಾಳಪ್ಪಾ. ಉಪಕಾರ ಆತು ಅಂತ ಹೇಳ್ಲಿಕ್ಕ ಬಂದೀನಿ" ಅಂದರು ಮಾವ.

ಮಾವನನ್ನು ಕೇಳಿದ ಮೇಲೆ ವಿಷಯ ನನಗೆ ಗೊತ್ತಾಯಿತು. ಬಹಳ ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಗ್ಗೆ, ಉದಗೀರಿನಿಂದ ಮರಳುವಾಗ, ಈ ಮಾಳಪ್ಪ ರಸ್ತೆಯ ನಡುವೆ ನಿಂತು ಕಂಬಳಿ ಬೀಸಿ ಬಸ್ಸು ನಿಲ್ಲಿಸಿದ್ದನಂತೆ. ಮಾವ ತಲೆ ಹೊರಗೆ ಹಾಕಿ ಅವನ ತಾಯಿ-ತಂದೆಯರನ್ನೆಲ್ಲ ನೆನೆದು ಬೈದಿದ್ದರು. ಕೆಳಗಿಳಿದು ನೋಡಿದರೆ ಮುಂದೆ ಸೇತುವೆಯ ಅರ್ಧ ಭಾಗವನ್ನು ನೀರು ಕೊಚ್ಚಿಕೊಂಡು ಹೋಗಿತ್ತು. ಬಸ್ಸು ತುಂಬ ಜನ. ಮಾವ ತುಟಿ ಪಿಟ್ಟೆನ್ನದೆ ಬಸ್ಸು ಹಿಂದಕ್ಕೆ ತೆಗೆದುಕೊಂಡು ಹೋಗಿದ್ದರು. ಅದಾದ ಮೇಲೂ ದಿನಾ ಅವನ ಕುರಿಗಳಿಗೆ ಹಾರ್ನು ಹಾಕುತ್ತ ಅದೇ ದಾರಿಯಲ್ಲಿ ಓಡಾಡಿದ್ದರು.

ಮಾಳಪ್ಪ ನನ್ನತ್ತ ತಿರುಗಿ ಸಣ್ಣ ದನಿಯಲ್ಲಿ ಕೇಳಿದ. "ಖರೇ ಹೇಳವಾ. ಇಂವ ಸಾಯ್ಲತ್ತಾನೇನು? ಡಾಕ್ಟರ್ ಏನರ ಅಂದಾರ?"

ಉದಗೀರದ ಆಸ್ಪತ್ರೆಯಲ್ಲಿ ಕಣ್ಣಷ್ಟೇ ತೋರಿಸಿದರು ಎಂದು ನಾವು ನಂಬಿದ್ದೆವು.

ಮಾವನಿಗೆ ಕೇಳಿಸಿತ್ತು. ಬದುವಿನ ಮೇಲೆ ಕುಳಿತರು. "ಆರಾಮ ಇದ್ದೀನೋ ಮಾರಾಯಾ. ಮನ್ಯಾಗ ಖಾಲಿ ಕುಂತರ ಯಾರ ಮ್ಯಾಲ ಏನ ಸಿಟ್ಟ ಅದ ಅಂಬೋದೇ ನೆನಪಾಗತಿತ್ತು. ಒಂದ ಮುಗೀತು ಅಂದ್ರ ಇನ್ನೊಂದು. ಊಟ ರುಚಿ ಇಲ್ಲ, ನಿದ್ದಿ ಇಲ್ಲ. ಕಣ್ಣ ತೋರಸ್ಲಿಕ್ಕ ಹೋದಾಗ ಬಸ್ಸಿನ್ಯಾಗ ಖಿಡಕಿ ಕಡಿ ಕುಂತಿದ್ದೆ. ಈ ಹಳ್ಳದ ಪೂಲ ಬಂತು, ನೀ ನೆನಪಾದಿ. ಛಲೋ ಮಾಡಿದವ್ರಿಗಿ ನೆನಸ್ಕೋತ ಹೋದೆ. ಉದಗೀರ ಬರೋತನಕ ಒಬ್ಬರ ಮ್ಯಾಲೂ ಸಿಟ್ಟ ಬರಲಿಲ್ಲ. ಬರೇ ನೆನಸಿದರ ಆಗಂಗಿಲ್ಲ, ಹೋಗಿ ಹೇಳಬೇಕು ಅನಸ್ತು."

ಮಾಳಪ್ಪ ನೆಲ ನೋಡುತ್ತ ಹೇಳಿದ. "ನೀ ಸುಳ್ಳೇ ಬರ್ಲತ್ತಿ. ಅವತ್ತ ನಾ ನಿನ್ನ ಬಸ್ ಉಳಸ್ಲಿಕ್ಕ ನಿಂತಿದ್ದಿಲ್ಲ. ಕುರಿ ರಸ್ತಾ ದಾಟ್ಲತ್ತಿದ್ದವು, ನಿನ್ನ ಬಸ್ಸಿನ ಕೆಳಗ ಬಿದ್ದಾವು ಅಂತ ಕಂಬಳಿ ಬೀಸಿದೆ. ಪೂಲ ಹೋಗಿದ್ದು ನಂಗೂ ಗೊತ್ತಿದ್ದಿಲ್ಲ. ನೀ ಯಾವಾಗ ಬಂದರೂ ಇದು ತಿಳಕೊಂಡೇ ನಂಗ ಕೆಣಕ್ಲಿಕ್ಕ ಬಂದೀ ಅಂತ ತಿಳದಿದ್ದೆ."

ನಾನು ಮಾವನ ಮುಖ ನೋಡಿದೆ. ಹಳೆಯ ಸಿಟ್ಟು ಈಗ ಎದ್ದೀತು ಅನ್ನಿಸಿತು. ಅವರು ಹಳ್ಳದ ಕಡೆ ನೋಡುತ್ತ ಕುಳಿತಿದ್ದರು.

"ಕುರಿ ಉಳದವೇನು?" ಅಂದರು.

"ಉಳದವು."

"ನಾನೂ ಉಳದೀನಿ. ಬಸ್ಸಿನ್ಯಾಗಿನ ಮಂದೀನೂ ಉಳದಾರ. ಹಂಗಾರ ನಿನ್ನ ಕುರಿಗೂ ನಂದು ಉಪಕಾರ ಅದ."

ಆಗ ಮಾಳಪ್ಪ ಮೊದಲ ಸಲ ನಕ್ಕ. ಮೂವರೂ ಅತ್ತೆ ಕಟ್ಟಿದ ಬುತ್ತಿ ಬಿಚ್ಚಿ ಉಂಡೆವು. ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಅರ್ಧ ನಂಬಿದರು. ಇನ್ನರ್ಧ ಅನುಮಾನವನ್ನು ಕೊನೆಯವರೆಗೂ ಉಳಿಸಿಕೊಂಡರು. ಆದರೆ ಆಯಿತವಾರದ ಬುತ್ತಿಗೆ ಇಬ್ಬರಿಗಾಗುವಷ್ಟು ರೊಟ್ಟಿ ಹಾಕತೊಡಗಿದರು.

ಹೋದ ವರ್ಷ ಚಳಿಗಾಲದಲ್ಲಿ ಮಾವ ಊಟ ಮಾಡಿ ಮಲಗಿದವರು ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಮಾಳಪ್ಪನಿಗೆ ತಿಳಿಸುವವರು ಯಾರೂ ಇಲ್ಲವೆಂದು ನೆನಪಾಗಿ ಒಬ್ಬಳೇ ಬಸ್ಸು ಹತ್ತಿದೆ. ನನ್ನನ್ನು ಕಂಡು ಅವನು ರಸ್ತೆಯ ಕಡೆಗೇ ನೋಡಿದ, ಹಿಂದೆ ಇನ್ನೊಬ್ಬರು ಬರುತ್ತಿದ್ದಾರೇನೋ ಎಂಬಂತೆ. ಹೇಳಿದೆ. ಎದ್ದು ಕಂಬಳಿ ಹಾಸಿ ನನ್ನನ್ನು ಕೂಡಿಸಿದ. ಕುರಿಗಳು ಹಳ್ಳಕ್ಕಿಳಿದು ಮೇಲೆ ಬರುವುದನ್ನು ನೋಡುತ್ತ ಕುಳಿತ.

"ನಾ ಒಂದ ಸಲಾನೂ ಬಾ ಅಂದಿದ್ದಿಲ್ಲ" ಅಂದ. "ಬಂದಾಗೆಲ್ಲಾ ಬೈದೀನಿ. ಆದ್ರೂ ಬರತಿದ್ದ. ಇನ್ನ ಆಯಿತವಾರ ನಾ ಯಾರಿಗಿ ಬೈಲಿ, ಹೇಳವಾ."