ಹೊಡೆದುಹಾಕಿದ ಚಿಕ್ಕಿ

ನಮ್ಮ ಸಾಹೇಬರ ಬಲಗಿವಿಯ ಮೇಲೆ ಬಡಿಗರ ಹಾಗೆ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಅದನ್ನು ಅಲ್ಲಿಟ್ಟುಕೊಂಡೇ ಮೇಜೆಲ್ಲ ಹುಡುಕುತ್ತಿದ್ದರು. ಮೇಲ್ಮನೆಯ ಸದಸ್ಯರು, ಊರು ತಿಕೋಟಾ, ಆಫೀಸು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟಯರ್ ಅಂಗಡಿಯ ಮಾಳಿಗೆ ಮೇಲೆ. ನಾನು ಅವರ ಟೈಪಿಸ್ಟ್.

ಸರ್ಕಾರಕ್ಕೆ ಪ್ರಶ್ನೆ ಕೇಳುವುದೇ ಅವರ ಕೆಲಸ, ಅದೇ ಚಟ. ಮಂತ್ರಿಯೊಬ್ಬರು ಮೂರನೇ ಸಲ 'ಪರಿಶೀಲಿಸಲಾಗುವುದು' ಎಂದಾಗ, "ನೀವು ಪರಿಶೀಲನಾ ಮಾಡೂದ್ರಾಗ ನಮ್ಮ ದ್ರಾಕ್ಷಿ ಒಣಗಿ ಮಣೂಕ ಆಗ್ತಾವ್ರಿ" ಎಂದಿದ್ದರು. ಸದನ ನಕ್ಕಿತು. ಮಂತ್ರಿಯೂ ನಕ್ಕರು. ಕೆಲಸ ಮಾತ್ರ ಆಗಲಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಕೇಳಿದವರು ಮತ್ತೆ ಮಾತಾಡಬಹುದು. ಚುಕ್ಕೆಯಿಲ್ಲದ್ದಕ್ಕೆ ಕಾಗದದಲ್ಲಿ ಉತ್ತರ ಬರುತ್ತದೆ, ಅಷ್ಟೇ. ನಮೂನೆಯಲ್ಲಿ ಎರಡೂ ಅಚ್ಚಾಗಿರುತ್ತವೆ, ಬೇಡದ್ದನ್ನು ಹೊಡೆದುಹಾಕಬೇಕು. ಚುಕ್ಕೆಗೆ ಚಿಕ್ಕಿ ಎನ್ನುತ್ತಿದ್ದ ಸಾಹೇಬರು ಪ್ರತಿಸಲವೂ, "ಚಿಕ್ಕಿ ಉಳಿಸೀಯೇನವಾ?" ಎಂದು ಕೇಳಿಯೇ ಸಹಿ ಹಾಕುತ್ತಿದ್ದರು.

ನಿಡೋಣಿ ಕಡೆಯ ಹಳ್ಳಿಯೊಂದರಿಂದ ಒಬ್ಬ ತಾಯಿ ಬರುತ್ತಿದ್ದಳು. ಆ ಊರಲ್ಲಿ ಹೆರಿಗೆ ಕೋಣೆ ಕಟ್ಟಿ, ನರ್ಸ್ ಇಲ್ಲವೆಂದು ಕೀಲಿ ಹಾಕಿದ್ದರು. ಆಕೆಯ ಮಗಳು ವಿಜಯಪುರದ ದಾರಿಯಲ್ಲೇ, ಟಂಟಂ ಆಟೋದಲ್ಲಿ, ಹೊಟ್ಟೆಯ ಕೂಸಿನೊಂದಿಗೆ ಜೀವ ಬಿಟ್ಟಿದ್ದಳು.

"ಪರಿಹಾರ ಬ್ಯಾಡ್ರಿ ಯಪ್ಪಾ. ಆ ದೊಡ್ಡ ಸಭಾದಾಗ ನನ್ನ ಮಗಳ ಹೆಸರ ಒಮ್ಮೆ ಹೇಳ್ರಿ. ಹಾಂಗರ ಕೀಲಿ ತೆಗದಾರು."

"ಹೇಳ್ತೇನವಾ. ಮಾತ ಕೊಟ್ಟೇನಿ" ಎಂದರು ಸಾಹೇಬರು.

ಆಗ ಅವರ ಕಣ್ಣಿನ ಆಪರೇಷನ್ ಆಗಿತ್ತು. ಆ ಪ್ರಶ್ನೆಯ ನಮೂನೆಗೆ ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿದರು. "ಚಿಕ್ಕಿ ಉಳಿಸೀಯೇನವಾ?" ಎಂದಾಗ, ನೋಡದೆಯೇ "ಹೂಂ ರೀ" ಅಂದೆ. ಬೇಡದ್ದರ ಬದಲು ಬೇಕಾದ ಚುಕ್ಕೆಯನ್ನೇ ಹೊಡೆದುಹಾಕಿದ್ದೆ.

ಅಧಿವೇಶನಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಅವರಿಗೆ ಏಳಲು ಅವಕಾಶವೇ ಬರಲಿಲ್ಲ. ಒಂದು ಹಾಳೆಯ ಉತ್ತರ ಬಂತು: 'ಸಿಬ್ಬಂದಿ ನೇಮಕ ಪರಿಶೀಲನೆಯಲ್ಲಿದೆ.' ಸಾಹೇಬರು ನಮೂನೆಯ ಪ್ರತಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. "ಅಳಬ್ಯಾಡ. ಮುಂದಿನ ಅಧಿವೇಶನ ಐತೆಲ್ಲಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ವಿಜಯಪುರಕ್ಕೆ ಮರಳಿದ ದಿನವೇ ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. "ಹೆಸರ ಹೇಳಾಕ ಆಗಲಿಲ್ಲ ತಾಯಿ. ತಪ್ಪ ನಂದೈತಿ." ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಕೆ ಕುಡಿಯಲು ನೀರು ಸಹ ಕೊಡದೆ ಒಳಗೆ ಹೋದಳು.

ಮುಂದಿನ ಅಧಿವೇಶನಕ್ಕೆ ವಾರವಿರುವಾಗ ಸಾಹೇಬರ ಎದೆಬಡಿತ ನಿಂತುಹೋಯಿತು. ಈ ಸಲ ಅದೇ ಪ್ರಶ್ನೆಯನ್ನು, ಚುಕ್ಕೆ ಉಳಿದಿದೆಯೇ ಎಂದು ಮೂರು ಸಲ ನೋಡಿ, ಕಳಿಸಿದ್ದೆ. ಕೇಳುವವರೇ ಇಲ್ಲವೆಂದು ಪ್ರಶ್ನೆ ಬಿದ್ದುಹೋಯಿತು. ಸದನದಲ್ಲಿ ಎಲ್ಲ ಪಕ್ಷದವರೂ ಅವರನ್ನು ಹೊಗಳಿದರು, ಒಂದು ನಿಮಿಷ ಎದ್ದುನಿಂತರು. ಆ ಮಗಳ ಹೆಸರನ್ನು ಯಾರೂ ಎತ್ತಲಿಲ್ಲ. ಅವರಿಗೆ ಅದು ಗೊತ್ತಿರಲೂ ಇಲ್ಲ.

ಹೋದ ತಿಂಗಳು ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಳು. ಕೀಲಿ ಇನ್ನೂ ಹಾಗೇ ಇದೆಯಂತೆ.

"ನಿಮ್ಮ ಸಾಹೇಬ ಬಾಳ ದೊಡ್ಡ ಮಾತಗಾರ. ನನ್ನ ಮಗಳ ಹೆಸರ ಹೇಳೂದಷ್ಟ ಮರತ" ಎಂದಳು.

ಅವರು ಮರೆಯಲಿಲ್ಲ, ಕೆಡಿಸಿದವಳು ನಾನು ಎನ್ನಬೇಕಿತ್ತು.

"ಹೌದ ಯವ್ವಾ" ಅಂದೆ. ಬಸ್ಸು ಬಂತು, ಹತ್ತಿ ಕುಳಿತೆ.