ಭಾನುವಾರದ ಡ್ರೆಸ್ಸಿಂಗ್

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡನ್ನೂ ಮಾತಾಡಿ ಪಳಗಿದವಳು ನಾನು. ದೇವರ ವಿಷಯದಲ್ಲಿ ಮಾತ್ರ ಖಾಯಂ ವಿರೋಧ ಪಕ್ಷ. ನಮ್ಮದು ಶಿಕಾರಿಪುರದ ಲಿಂಗಾಯತರ ಮನೆ. ಕಾಯಕವೇ ದೊಡ್ಡದು ಎನ್ನುತ್ತಾರೆ, ಪೂಜೆಯಾಗದೆ ಕಾಫಿ ಮಾತ್ರ ಕೊಡುವುದಿಲ್ಲ. ಹಾಗಾಗಿ ಕ್ರೈಸ್ತರಲ್ಲೂ ಇಂಥದೇ ಜಗಳವಿದೆ ಎಂದು ತಿಳಿದಾಗ ಆಶ್ಚರ್ಯವೇನೂ ಆಗಲಿಲ್ಲ.

ತಿಳಿದದ್ದು ಗೆಳತಿಯನ್ನು ನೋಡಲು ಹುಡುಗನ ಕಡೆಯವರು ಬಂದಾಗ. ಅವಳು ನಮ್ಮೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ನಮ್ಮ ಮಹಡಿಯಲ್ಲೇ ಬಾಡಿಗೆಗಿದ್ದಳು. ಅಪ್ಪನ ಮನೆ ಸೊರಬದಲ್ಲಿ; ಹೆಣ್ಣು ನೋಡುವ ಶಾಸ್ತ್ರಕ್ಕೆ ಅವಳ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಅವಳ ಮನೆಯವರು ಕ್ಯಾಥೋಲಿಕ್. ಹುಡುಗನ ತಂದೆಯೋ ಪ್ರೊಟೆಸ್ಟಂಟ್, ಶಿಕಾರಿಪುರದಲ್ಲಿ ಭಾನುವಾರಗಳಂದು ತಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುವ ಹಿರಿಯರು. ಹುಡುಗನನ್ನು ಅವಳು ಆಗಲೇ ಒಪ್ಪಿದ್ದಳು. ತೊಡಕಾದದ್ದು ಅವಳ ಆಸ್ಪತ್ರೆಗೆ ಬರುವ ಒಬ್ಬ ಅಜ್ಜನ ಕಾಲು. ಸಕ್ಕರೆ ಕಾಯಿಲೆಯ ಹುಣ್ಣು, ದಿನವೂ ಡ್ರೆಸ್ಸಿಂಗ್ ಆಗಬೇಕು. ಭಾನುವಾರ ಆಸ್ಪತ್ರೆಯಲ್ಲಿ ಅದಕ್ಕೆ ರಜೆ. ಅಂದು ಬೆಳಿಗ್ಗೆ ಇವಳೇ ಅಜ್ಜನ ಮನೆಗೆ ಹೋಗುತ್ತಿದ್ದಳು. ಕೂಟ ಶುರುವಾಗುವುದೂ ಅದೇ ಹೊತ್ತಿಗೆ.

ಮದುವೆಯಾದ ಮೇಲೆ ಅದನ್ನು ಬಿಡಬೇಕು, ಆರಾಧನೆ ಮೊದಲು ಎಂದರು ಹಿರಿಯರು. ಅವಳ ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಅವರತ್ತ ಸರಿಸುತ್ತಲೇ, ಒಳ್ಳೆಯ ಕೆಲಸವಿಲ್ಲದ ನಂಬಿಕೆ ಎಂಥ ನಂಬಿಕೆ ಎಂದು ಕೇಳಿದರು.

“ಒಳ್ಳೆ ಕೆಲ್ಸ ಬ್ಯಾಡ ಅಂತ ಯಾರಂದ್ರು ಹೇಳ್ರೀ? ಅದು ಮಾಡಿದ್ರ ಪಾಪದಿಂದ ರಕ್ಷಣೆ ಸಿಗಂಗಿಲ್ಲ, ಅಷ್ಟೇ. ಅದು ನಂಬಿದೋರಿಗೆ ದೇವ್ರಿಂದ ಪುಕ್ಕಟೆ ಸಿಗೋದು.”

“ಪುಕ್ಕಟೆ ಸಿಗೋದಾದ್ರೆ ಎಲ್ರೂ ಮನೇಲಿ ಮಲಗಿರ್ಬಹುದಲ್ರೀ.”

ಒಂದೇ ಗ್ರಂಥದಿಂದ ಇಬ್ಬರೂ ವಾಕ್ಯ ತೆಗೆದರು. ಉಪ್ಪಿಟ್ಟು ಆರಿತು. ಎದುರಿನವರು ಹೇಳದೇ ಇದ್ದದ್ದನ್ನೇ ಇಬ್ಬರೂ ಖಂಡಿಸುತ್ತಿದ್ದಾರೆ ಎಂಬುದು ನನಗೆ ಕಾಣುತ್ತಿತ್ತು, ಆದರೆ ತೀರ್ಪು ಕೊಡು ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಹುಡುಗ ನೆಲ ನೋಡುತ್ತಿದ್ದ.

ಕೊನೆಗೆ ಅವಳೇ ಬಾಯಿಬಿಟ್ಟಳು. “ಅಂಕಲ್, ನಾನು ಸ್ವರ್ಗಕ್ಕೆ ಅಂತ ಹೋಗ್ತಿಲ್ಲ. ಒಂದು ದಿನ ಬಿಟ್ರೆ ಗಾಯ ನಾರುತ್ತೆ, ಅದಕ್ಕೆ ಹೋಗ್ತೀನಿ.”

ಆ ಅಜ್ಜ ಕ್ರಿಸ್ತನನ್ನು ನಂಬಿದ ವಿಶ್ವಾಸಿಯೇ ಎಂದು ಹಿರಿಯರು ವಿಚಾರಿಸಿದರು. ತಾನು ಶುಗರ್ ಎಷ್ಟಿದೆ ಎಂದಷ್ಟೇ ಕೇಳುವುದು ಎಂದಳು. ಆಗ ಹುಡುಗ ತಲೆಯೆತ್ತಿ, ಕೂಟವನ್ನು ಹತ್ತೂವರೆಗೆ ಇಟ್ಟುಕೊಂಡರೆ ಯಾವ ವಾಕ್ಯಕ್ಕೆ ವಿರುದ್ಧ ಎಂದು ತಂದೆಯನ್ನು ಕೇಳಿದ. ಅಂದಿನ ಚರ್ಚೆಯಲ್ಲಿ ಬಂದ ಸರಿಯಾದ ಪ್ರಶ್ನೆ ಅದೊಂದೇ. ಹಿರಿಯರು ಆರಿದ ಉಪ್ಪಿಟ್ಟಿನ ತಟ್ಟೆಯನ್ನು ಕೈಗೆತ್ತಿಕೊಂಡರು.

“ಹತ್ತೂವರೆ ಅಂದ್ರ ಹತ್ತೂವರೆ. ಹನ್ನೊಂದು ಮಾಡಂಗಿಲ್ಲ ನೋಡವ್ವ.”

ಮದುವೆ ಗೊತ್ತಾಯಿತು. ಶಿಕಾರಿಪುರಕ್ಕೆ ಮರಳುವ ಬಸ್ಸಿನಲ್ಲಿ, ನಿಮ್ಮಪ್ಪನ ಪಕ್ಷವನ್ನು ನೀನೇ ಗೆಲ್ಲಿಸಿದೆ ಬಿಡು ಎಂದೆ. ಅವಳು ಒಪ್ಪಲಿಲ್ಲ.

“ನಾನು ಅಂಕಲ್ ಕಡೇನೇ ಕಣೆ. ಅಪ್ಪಂಗೆ ಹೇಳ್ಬೇಡ. ನನ್ ರಕ್ಷಣೆ ಆ ಕಾಲಿನ ಮೇಲೆ ನಿಂತಿದ್ರೆ, ಅದು ವಾಸಿ ಆಗ್ದೇ ಇರ್ಲಿ ಅಂತ ಅನ್ನಿಸ್ಬಿಡ್ತಿತ್ತೇನೋ.”

ರಕ್ಷಣೆ ಎಂಬುದೊಂದಿದೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಇದೆ ಎಂದಿಟ್ಟುಕೊಂಡು, ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಶಿರಾಳಕೊಪ್ಪದವರೆಗೂ ಹುಡುಕಿದೆ. ಸಿಗಲಿಲ್ಲ.