ನನ್ನ ಬಾಣಂತನ ಮಾಡಿದ ಖಾಲಾ

ಕಳೆದ ಭಾನುವಾರ ರೊಟ್ಟಿ ತರೋಣವೆಂದು ಅಮೆರಿಕದ ಫ್ಲೂಗರ್‌ವಿಲ್‌ನ ನಮ್ಮ ಮನೆಯ ಹತ್ತಿರ ಹೊಸದಾಗಿ ತೆರೆದ ಅಫ್ಘನ್ ಅಂಗಡಿಗೆ ಹೋಗಿದ್ದೆ. ಬಾಗಿಲು ತಳ್ಳುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಊದುಬತ್ತಿಯದಲ್ಲ, ಸಾಂಬ್ರಾಣಿಯದೂ ಅಲ್ಲ. ಒಣಹುಲ್ಲಿಗೆ ಬೆಂಕಿ ಬಿದ್ದಂತೆ, ಸ್ವಲ್ಪ ಕಹಿ, ಸ್ವಲ್ಪ ಘಾಟು. ಗಲ್ಲಾದ ಹಿಂದಿದ್ದ ಹೆಂಗಸು ಸಣ್ಣ ಬಾಣಲೆಯಲ್ಲಿ ಯಾವುದೋ ಕಪ್ಪು ಬೀಜ ಸಿಡಿಸಿ, ಅದರ ಹೊಗೆಯನ್ನು ಮೂಲೆಮೂಲೆಗೂ ಹಿಡಿಯುತ್ತಿದ್ದಳು. ಇಸ್ಪಂದ್... ದೃಷ್ಟಿ ತೆಗೆಯುವ ಬೀಜ. ಆ ಹೆಸರನ್ನು ನನಗೆ ಕಲಿಸಿದವರು ಮೊದಲು ನಾವಿದ್ದ ಯೂಲೆಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಖಾಲಾ.

ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು. ಇವರು ಕಾಬೂಲಿನವರು. ವಿಮಾನಗಳು ತಲೆಯ ಮೇಲೆಯೇ ಇಳಿಯುವಂತೆ ಕಾಣುತ್ತಿದ್ದ ಆ ಅಪಾರ್ಟ್‌ಮೆಂಟಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ಮೊದಲ ವರ್ಷವೆಲ್ಲ ಎದುರಾದಾಗ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸುತ್ತಿದ್ದರು, ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಅಷ್ಟೇ ಪರಿಚಯ.

ನನ್ನ ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬರುವುದೆಂದು ನಿಶ್ಚಯವಾಗಿತ್ತು. ಟಿಕೆಟ್ ಆಗಿತ್ತು, ಕೊಬ್ಬರಿ, ಅಂಟು, ಒಣಶುಂಠಿ ಎಲ್ಲ ಕಟ್ಟಿಟ್ಟಾಗಿತ್ತು. ಹೊರಡಲು ಹತ್ತು ದಿನವಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಗಳು ಹುಟ್ಟಿದಾಗ ಮನೆಯಲ್ಲಿ ನಾನು ಮತ್ತು ನನ್ನ ಗಂಡ, ಇಬ್ಬರೇ. ಒಂದು ವಾರ ರಜ ಹಾಕಿದ್ದ ಅವರು ಎಂಟನೇ ದಿನ ಕೆಲಸಕ್ಕೆ ಹೋದರು. ಅವತ್ತು ಬೆಳಗ್ಗೆ ಮಗು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು.

ಖಾಲಾ ನಿಂತಿದ್ದರು, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಯುದ್ಧದ ಕಾಲದಲ್ಲಿ ಎಷ್ಟೋ ವರ್ಷ ಪೇಶಾವರದಲ್ಲಿ ಕಳೆದಿದ್ದರಿಂದ ಅವರಿಗೆ ಉರ್ದು ಬರುತ್ತಿತ್ತು. ನನ್ನದು ಹರಕುಮುರುಕು ಹಿಂದಿ.

"ನಿಮ್ಮಮ್ಮ ಎಲ್ಲಿ?" ಎಂದು ಕೇಳಿದರು.

ಬರಲಾಗಲಿಲ್ಲ ಎಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಕೈಯಿಂದ ಮಗುವನ್ನು ಎತ್ತಿಕೊಂಡರು. ಕೇಳಲೂ ಇಲ್ಲ. ಪಾತ್ರೆಯಲ್ಲಿದ್ದದ್ದು ಲೇಟಿ. ಗೋಧಿ ಹಿಟ್ಟನ್ನು ತುಪ್ಪದಲ್ಲಿ ಹುರಿದು, ಸಕ್ಕರೆ, ಶುಂಠಿ, ಅರಿಶಿನ ಹಾಕಿ ಕುದಿಸಿದ ಗಂಜಿಯಂಥದ್ದು, ಅವರ ಕಡೆ ಬಾಣಂತಿಯರಿಗೆ ಕೊಡುವುದು. ನಾನು ಚಮಚ ಹಿಡಿದು ಅನುಮಾನಿಸುತ್ತಿದ್ದುದನ್ನು ಕಂಡು ಅವರೇ ಹೇಳಿದರು: "ಪಾತ್ರೆ ಹೊಸದು, ಮಗಳೇ. ಮಾಂಸ ಮುಟ್ಟಿಲ್ಲ. ನೀವು ತಿನ್ನೋದಿಲ್ಲ ಅಂತ ನಿನ್ನ ಗಂಡನನ್ನು ಕೇಳಿ ತಿಳಿದುಕೊಂಡೆ."

ಅಂದಿನಿಂದ ದಿನಾ ಬಂದರು. ಬಾಣಂತಿಯನ್ನೂ ಮಗುವನ್ನೂ ನಲವತ್ತು ದಿನ ಒಂಟಿಯಾಗಿ ಬಿಡಬಾರದು ಎಂಬುದು ಅವರ ಕಟ್ಟಳೆ. ಮಗುವಿನ ಕೈಕಾಲು ನೇರ ಮಾಡಿ, ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪಟ್ಟಿ ಕಟ್ಟುತ್ತಿದ್ದರು. ಅಲ್ಲಿಗೆ ಅದರ ಅಳು ನಿಲ್ಲುತ್ತಿತ್ತು. ಮಗು ನೋಡಲು ಬಂದ ನಮ್ಮ ಕನ್ನಡದ ಗೆಳೆಯರಿಗೆ, ಅದು ತಮ್ಮದೇ ಮನೆಯೆಂಬಂತೆ, ಏಲಕ್ಕಿ ಹಾಕಿದ ಹಸಿರು ಚಹಾ ಮತ್ತು ಒಂದು ಹಿಡಿ ಒಣದ್ರಾಕ್ಷಿ ಕೊಟ್ಟ ಮೇಲೆಯೇ ಮಾತಿಗೆ ಬಿಡುತ್ತಿದ್ದರು. ಬಂದವರು ಯಾರು ಎಂದು ಚಹಾಕ್ಕಿಂತ ಮೊದಲು ಕೇಳುವುದು ಮರ್ಯಾದೆಯಲ್ಲವಂತೆ.

ನಾನು ಮಾಡಿದ ತಪ್ಪನ್ನೂ ಹೇಳಬೇಕು.

ಅಮ್ಮ ಹಾಸಿಗೆಯಲ್ಲಿ ಮಲಗಿಯೇ ವಿಡಿಯೋ ಕಾಲ್ ಮಾಡುತ್ತಿದ್ದರು. ಒಂದು ದಿನ ಹಿಂದೆ ಓಡಾಡುತ್ತಿದ್ದ ಖಾಲಾರನ್ನು ಕಂಡು, "ಯಾರೇ ಅದು, ತಲೆ ಮೇಲೆ ಬಟ್ಟೆ ಹೊದ್ದಿರೋರು?" ಎಂದರು.

"ಪಕ್ಕದ ಮನೆ ಆಂಟಿ ಅಮ್ಮ. ದಿಲ್ಲಿ ಕಡೆಯೋರು."

"ಅಡುಗೆ ಅವ್ರೇನಾ ಮಾಡ್ಕೊಡೋದು? ಮಾಂಸ ಗೀಂಸ ಇಲ್ಲ ತಾನೆ ಅವ್ರ ಮನೇಲಿ?"

"ಇಲ್ಲಮ್ಮ."

ಎರಡು ಸುಳ್ಳು ಸಲೀಸಾಗಿ ಬಾಯಿಂದ ಬಂದವು. ಮುರಿದ ಕಾಲಿನ ಅಮ್ಮನಿಗೆ ಇನ್ನೊಂದು ಚಿಂತೆ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖಾಲಾಗೆ ಕನ್ನಡ ಬರುತ್ತಿರಲಿಲ್ಲ. ಆದರೆ ದಿಲ್ಲಿ ಎಂಬುದು ಯಾವ ಭಾಷೆಯಲ್ಲೂ ದಿಲ್ಲಿಯೇ. ಕಾಲ್ ಮುಗಿದ ಮೇಲೆ ಮಗುವಿನ ಬಟ್ಟೆ ಮಡಚುತ್ತ, ತಲೆ ಎತ್ತದೆ ಹೇಳಿದರು: "ನನ್ನ ಊರು ಕಾಬೂಲ್, ಮಗಳೇ. ದಿಲ್ಲಿಯನ್ನು ನಾನು ನೋಡಿಯೇ ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. ನಾಳೆ ಅವರು ಬರುವುದಿಲ್ಲ ಎಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಅದೇ ಪಾತ್ರೆಯೊಂದಿಗೆ ಬಂದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಅದಕ್ಕೆ ಒಂದು ಚಮಚ ಲೇಟಿ ಇಟ್ಟುಬಿಟ್ಟರು.

ನಲವತ್ತನೆಯ ದಿನ ನನಗೂ ಮಗುವಿಗೂ ತಾವೇ ನೀರು ಹಾಕಿದರು. ಬಟ್ಟಲು ಬಟ್ಟಲಾಗಿ ಸುರಿಯುತ್ತ ತಮ್ಮ ಭಾಷೆಯಲ್ಲಿ ಏನೋ ಪ್ರಾರ್ಥಿಸುತ್ತಿದ್ದರು. ಆಮೇಲೆ ಇಸ್ಪಂದ್ ಸುಟ್ಟು ನಮ್ಮಿಬ್ಬರ ತಲೆ ಸುತ್ತ ಹೊಗೆ ನಿವಾಳಿಸಿದರು. ಮನೆಯ ಸ್ಮೋಕ್ ಅಲಾರಂ ಕಿರುಚತೊಡಗಿತು. ನನ್ನ ಗಂಡ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾಗಲೇ ಅಮ್ಮನ ಕಾಲ್ ಬಂತು.

"ಏನೇ ಅದು ಗಲಾಟೆ? ಬೆಂಕಿ ಬಿತ್ತೇನೇ?"

"ಇಲ್ಲಮ್ಮ, ದೃಷ್ಟಿ ತೆಗೀತಿದ್ದಾರೆ," ಎಂದೆ. ಆಗಲೇ, ಅಷ್ಟು ಸದ್ದಿನ ನಡುವೆ, ಧೈರ್ಯ ಬಂತು. "ಅಮ್ಮ, ಇವರು ದಿಲ್ಲಿಯೋರಲ್ಲ. ಕಾಬೂಲಿನೋರು, ಮುಸ್ಲಿಮರು. ಮನೇಲಿ ಮಾಂಸಾನೂ ಮಾಡ್ತಾರೆ. ನನಗೋಸ್ಕರ ಅಂತಲೇ ಬೇರೆ ಪಾತ್ರೆ ತಂದಿದ್ರು. ನಾನು ನಿಂಗೆ ಸುಳ್ಳು ಹೇಳಿದ್ದೆ."

ಅಲಾರಂ ನಿಂತಿತು. "ಫೋನ್ ಅವ್ರ ಕೈಗೆ ಕೊಡು" ಎಂದರು ಅಮ್ಮ. ಕೊಟ್ಟೆ. ಅಮ್ಮ ಹಾಸಿಗೆಯಲ್ಲಿ ಎದ್ದು ಕುಳಿತು, ಸೆರಗು ಸರಿಮಾಡಿಕೊಂಡು, ಟೀವಿ ನೋಡಿ ಕಲಿತ ಹಿಂದಿಯನ್ನೆಲ್ಲ ಕೂಡಿಸಿ ಒಂದು ಪ್ರಶ್ನೆ ಕೇಳಿದರು: "ಆಪ್‌ಕೋ ಬಚ್ಚೇ ಕಿತ್ನೇ?"

ಮೂವರು, ಎಂದರು ಖಾಲಾ. ಇಬ್ಬರು ಗಂಡು. ಕೊನೆಯವಳು ಹೆಣ್ಣು, ಕಾಬೂಲಿನಲ್ಲಿದ್ದಾಳೆ. ಹೋದ ತಿಂಗಳು ಹೆರಿಗೆಯಾಯಿತು, ಇದೇ ಮಗುವಿಗಿಂತ ಐದು ದಿನ ಮೊದಲು. ಹೆಣ್ಣು ಮಗು. "ನಾನು ಹೋಗೋ ಹಾಗಿಲ್ಲ. ಅವಳ ಹತ್ತಿರ ಯಾರೂ..." ಅಷ್ಟರಲ್ಲಿ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡರು.

ಅಮ್ಮನಿಗೆ ಎಷ್ಟು ಅರ್ಥವಾಯಿತೋ. ಅವರ ಕಣ್ಣೂ ತುಂಬಿತು. ಮುಂದೆ ಅಮ್ಮ ಕನ್ನಡದಲ್ಲಿ, ಖಾಲಾ ತಮ್ಮ ಮಾತಿನಲ್ಲಿ ಬಹಳ ಹೊತ್ತು ಏನೇನೋ ಹೇಳಿಕೊಂಡರು. ನಾನು ಮಗುವನ್ನು ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಮೂವತ್ತಕ್ಕೂ ಹೆಚ್ಚು ದಿನ ಅವರ ಕೈಯಡುಗೆ ಉಂಡಿದ್ದೆ, ನಿಮಗೆ ಮಗಳಿದ್ದಾಳೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ.

ಮಗಳಿಗೆ ಎರಡು ತುಂಬಿದಾಗ ಕೆಲಸದ ಮೇಲೆ ಇಲ್ಲಿ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದೆವು. ಹೊರಟ ದಿನ ಖಾಲಾ ತಂಬಿಗೆಯಷ್ಟು ನೀರು ತಂದು, ಕಾರು ಚಲಿಸುತ್ತಿದ್ದಂತೆ ಹಿಂದಿನಿಂದ ರಸ್ತೆಗೆ ಚೆಲ್ಲಿದರು. ಹೋದವರು ಕ್ಷೇಮವಾಗಿ ತಿರುಗಿ ಬರಲಿ ಎಂದು ಹಾಗೆ ಮಾಡುತ್ತಾರಂತೆ. ರಂಜಾನ್ ಹಬ್ಬಕ್ಕೆ ಬರುತ್ತೇವೆ ಎಂದೆ. ಆ ಹಬ್ಬ ಹೋಯಿತು, ಮುಂದಿನದೂ ಹೋಯಿತು. ನಡುವೆ ಕಾಬೂಲಿನ ಆಳ್ವಿಕೆ ಬದಲಾಯಿತು, ಮಗಳನ್ನು ಕರೆಸಿಕೊಳ್ಳುವ ಅವರ ಆಸೆ ಅಲ್ಲಿಗೇ ನಿಂತಿತು. ಫೋನ್ ಮಾಡಿದಾಗ ಆ ಮೊಮ್ಮಗಳ ಮಾತು ಬಂದರೆ, "ಇಷ್ಟೆತ್ತರ ಆಗಿದ್ದಾಳೆ" ಎಂದು ನಿಲ್ಲಿಸಿಬಿಡುತ್ತಿದ್ದರು... ಅವರು ಆ ಎತ್ತರ ಕಂಡದ್ದೆಲ್ಲ ಫೋನಿನಲ್ಲೇ.

ಹೋದ ಚಳಿಗಾಲದಲ್ಲಿ ಅವರ ಮಗನ ಮೆಸೇಜ್ ಬಂತು. ಖಾಲಾ ತೀರಿಕೊಂಡು ನಾಲ್ಕು ದಿನವಾಗಿತ್ತು, ಮಣ್ಣೂ ಆಗಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ" ಎಂದವರೇ ಫೋನ್ ಇಟ್ಟರು. ಒಂದು ಗಂಟೆ ಬಿಟ್ಟು ಅವರೇ ಕಾಲ್ ಮಾಡಿದರು. ತಲೆಗೂದಲು ಒದ್ದೆಯಾಗಿತ್ತು.

"ಇಷ್ಟ್ಹೊತ್ತಲ್ಲಿ ಯಾಕಮ್ಮ ತಲೆಗೆ ನೀರು ಹಾಕ್ಕೊಂಡೆ?"

"ಸ್ನಾನ ಮಾಡಿದೆ ಕಣೆ," ಎಂದರು ಅಮ್ಮ. "ಸಾವಿನ ಸುದ್ದಿ ಕೇಳಿದ ಮೇಲೆ ಮಾಡ್ಬೇಡ್ವಾ? ನಮ್ಮೋರಲ್ವಾ ಅವ್ರು?"

ಇಲ್ಲಿಂದ ಯೂಲೆಸ್ಸಿಗೆ ಡ್ರೈವ್ ಮಾಡಿದರೆ ಮೂರು ಗಂಟೆಯ ದಾರಿ. ಖಾಲಾ ಇದ್ದಾಗ ಪ್ರತಿ ವಾರವೂ ಹೋಗದಿರಲು ಒಂದು ಕಾರಣ ಸಿಗುತ್ತಿತ್ತು. ಆಫೀಸು, ಮಗಳ ಈಜಿನ ಕ್ಲಾಸು, ಯಾರದೋ ಗೃಹಪ್ರವೇಶ. ಈಗ ಕಾರಣವೇ ಬೇಕಾಗಿಲ್ಲ.